ಊರು ದಾಟುವ ಹಾಲು

ಬಾಟಲಿ ತೊಳೆಯಬೇಡಿ ಎಂದು ಹೇಳಿ ಹೇಳಿ ನನ್ನ ಗಂಟಲು ಹರಿದುಹೋಗಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಕುಡಿಯುವ ನೀರು ಪರೀಕ್ಷಿಸುವ ಒಂದು ಸಣ್ಣ ಲ್ಯಾಬಿನಲ್ಲಿ ನನ್ನ ನೌಕರಿ. ನೀರಿನ ಜೊತೆಗೆ ಆಗಾಗ ಹಾಲೂ ಬರುತ್ತದೆ. ಹಳ್ಳಿಗಳಿಗೆ ಕೊಟ್ಟು ಕಳಿಸುವ ಬಾಟಲಿಗಳನ್ನು ನಾವು ಆವಿಯಲ್ಲಿ ಬೇಯಿಸಿ, ಒಂದು ಕ್ರಿಮಿಯೂ ಉಳಿಯದಂತೆ ಮಾಡಿ, ಬಾಯಿ ಮುಚ್ಚಿ, ಮೇಲೆ ಕಾಗದ ಸುತ್ತಿರುತ್ತೇವೆ. ನಲ್ಲಿಯ ಕೆಳಗೆ ಹಿಡಿಯುವುದು, ತುಂಬುವುದು, ಮುಚ್ಚುವುದು. ಅಷ್ಟೇ ಕೆಲಸ. ಆದರೆ ನಮ್ಮ ಜನ ಕೇಳಬೇಕಲ್ಲ! ಮುಚ್ಚಳ ತೆಗೆದವರೇ ಒಳಗೆ ಒಂದು ಚಿಟಿಕೆ ಒಲೆಯ ಬೂದಿ ಹಾಕಿ, ಗಳಗಳ ಕುಲುಕಿ, ಸೆರಗಿನಿಂದ ಬಾಯಿ ಒರೆಸಿ, ಫಳಫಳ ಹೊಳೆಯುವಂತೆ ಮಾಡಿ ನೀರು ತುಂಬಿ ಕಳಿಸುತ್ತಾರೆ. ಆಮೇಲೆ ಅದರಲ್ಲಿ ಸಿಗುವುದು ಊರಿನ ನೀರಿನ ಕ್ರಿಮಿಯೋ ಸೆರಗಿನ ಕ್ರಿಮಿಯೋ ಆ ದೇವರಿಗೇ ಗೊತ್ತು.

ಕೊಟ್ಟೂರು ಕಡೆಯ ಒಬ್ಬ ಹೆಂಗಸನ್ನು ಒಮ್ಮೆ ಸರಿಯಾಗಿ ತರಾಟೆಗೆ ತೆಗೆದುಕೊಂಡೆ. "ಯಾಕಬೇ ತೊಳದಿ? ಕಾಗದದ ಮ್ಯಾಲೆ ಅಷ್ಟು ದಪ್ಪಗ ಬರದೀವಲ್ಲ?"

"ಅಯ್ಯ, ತೊಳೀಲಾರದ ಬಾಟ್ಲಿಯಾಗ ನಿಮಗ ನೀರು ಕೊಡ್ತಾರೇನ್ರಿ? ನಾಳಿ ನೀವ ಅಂತೀರಿ, ಎಂಥ ಹೊಲಸು ಮಂದಿ ಅದಾರಪ್ಪ ಅಂತ."

ಮರ್ಯಾದೆ ಮಾಡಲು ಹೋಗಿ ನಮ್ಮ ಕೆಲಸ ಕೆಡಿಸುವ ಜನ ಇವರು. ಸಿಟ್ಟು ಬರುತ್ತದೆ. ಬಂದ ಸಿಟ್ಟನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವ ಪೈಕಿ ನಾನಲ್ಲ. ಮನೆಯಲ್ಲಿ, ಆಫೀಸಿನಲ್ಲಿ, ಬಸ್ಸಿನಲ್ಲಿ ಎಲ್ಲರಿಗೂ ಇದು ಗೊತ್ತು. ಇನ್ನೊಂದು ವಿಷಯವೂ ನಮ್ಮ ಬಳಗಕ್ಕೆಲ್ಲ ಗೊತ್ತು: ನಾನು ಯಾರ ಮನೆಯಲ್ಲೂ ಹಾಲು ಕುಡಿಯುವುದಿಲ್ಲ. ಹಾಲಿನ ಚಹಾ ಕೂಡ ಇಲ್ಲ. ಈ ನೌಕರಿಯಲ್ಲಿ ಹಾಲಿಗೆ ಬೀಳುವ ಹಿಟ್ಟು, ಸಕ್ಕರೆ, ಸೋಡಾ, ಸೋಪಿನಪುಡಿ ಎಲ್ಲವನ್ನೂ ನೋಡಿದ ಮೇಲೆ ನಾಲಿಗೆಯೇ ಹಿಂದೆ ಸರಿಯುತ್ತದೆ. ಬೀಗರ ಮನೆಗೆ ಹೋದರೆ, "ಇಕಿಗೆ ಕರೀ ಚಾ ಮಾಡ್ರಿ, ಹಾಲು ಹಾಕಿದ್ರ ಕಪ್ಪು ಲ್ಯಾಬಿಗೆ ಒಯ್ತಾಳ" ಎಂದು ನಗುತ್ತಾರೆ. ನಗಲಿ.

ನನ್ನ ಅಕ್ಕನನ್ನು ಕೊಟ್ಟಿದ್ದು ಹಂಪಸಾಗರದ ಆಚೆ, ಹೊಳೆಯ ದಂಡೆಗೆ ಹತ್ತಿರದ ಒಂದು ಹಳ್ಳಿಗೆ. ಭಾವ ಗಾರೆ ಕೆಲಸಕ್ಕೆ ಊರೂರು ತಿರುಗುತ್ತಾನೆ. ಮನೆಯಲ್ಲಿ ಅಕ್ಕ, ಅವಳ ಅತ್ತೆ, ಎರಡು ಎಮ್ಮೆ. ಎರಡು ಎಮ್ಮೆ ಎಂದರೆ ನಮ್ಮವರಲ್ಲಿ ಸಣ್ಣ ಮಾತಲ್ಲ. ನಾವು ಚಿಕ್ಕವರಿದ್ದಾಗ ನಮ್ಮ ಓಣಿಯಲ್ಲಿ ಎಮ್ಮೆ ಕಟ್ಟಿದವರು ಇದ್ದರು, ಆದರೆ ಹಾಲು ಮಾರಿದವರಿರಲಿಲ್ಲ. ಮಾರಿದರೂ ಮೇಲಿನ ಓಣಿಯವರು ಕೊಳ್ಳುತ್ತಿರಲಿಲ್ಲ. ಅವರ ಹೊಲಕ್ಕೆ ನಮ್ಮ ಕೂಲಿ ಬೇಕು, ನಮ್ಮ ಕೈಯ ಹಾಲು ಬೇಡ.

ಆ ಹಳ್ಳಿಯಲ್ಲಿ ಹಾಲಿನ ಸೊಸೈಟಿ ಶುರುವಾದಾಗ ನಮ್ಮವರ ಪೈಕಿ ಮೊದಲು ಕ್ಯಾನು ಹಿಡಿದು ಹೋಗಿ ಸಾಲಿನಲ್ಲಿ ನಿಂತವಳು ನನ್ನ ಅಕ್ಕ. ಹಿಂದೆ ನಿಂತಿದ್ದ ಒಬ್ಬಾತ, "ಇವರ ಹಾಲಿಗೆ ಬ್ಯಾರೆ ಕ್ಯಾನು ಇಡ್ರಿ" ಎಂದನಂತೆ. ಅಕ್ಕ ತಿರುಗಿ, "ಎಮ್ಮಿ ಬ್ಯಾರೆ ಏನಣ್ಣ? ಅದು ತಿನ್ನೋ ಹುಲ್ಲು ಬ್ಯಾರೆ ಏನು? ಮತ್ತ ಕ್ಯಾನು ಯಾಕ ಬ್ಯಾರೆ?" ಎಂದು ಕೇಳಿ, ಎಲ್ಲರದೂ ಬಿದ್ದ ಕ್ಯಾನಿಗೇ ತನ್ನ ಹಾಲು ಸುರಿದು ಬಂದಳು. ಅವಳ ಹಿಂದೆ ಓಣಿಯ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಹೋದರು. ಈಗ ಅವರೆಲ್ಲರ ಹಾಲೂ ಅದೇ ಕ್ಯಾನಿಗೆ ಬೀಳುತ್ತದೆ. ಇದನ್ನು ಸಹಿಸದ ಒಂದಿಬ್ಬರು ಸೊಸೈಟಿಯ ಕಮಿಟಿಯಲ್ಲೇ ಇದ್ದರು. ಒಂದು ನೆಪಕ್ಕಾಗಿ ಕಾಯುತ್ತಿದ್ದರು.

ಹೋದ ಬೇಸಿಗೆಯಲ್ಲಿ ಆ ಹಳ್ಳಿಯ ಕೆಲವು ಮಕ್ಕಳಿಗೆ ವಾಂತಿ ಭೇದಿ ಶುರುವಾಯಿತು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಲಿಲ್ಲ, ಆದರೆ ಊರು ಹೆದರಿತ್ತು. ನೀರೋ ಹಾಲೋ ಗೊತ್ತಾಗಬೇಕು, ಎರಡನ್ನೂ ನೋಡಿ ಎಂದು ನಮಗೆ ಆದೇಶ ಬಂತು. ನಲ್ಲಿಗಳ ನೀರನ್ನು ನಮ್ಮವರೇ ಹೋಗಿ ತಂದರು. ಹಾಲಿಗೆ ಮಾತ್ರ, ಸೊಸೈಟಿಗೆ ಹಾಕುವ ಪ್ರತಿ ಮನೆಗೂ ನಂಬರು ಹಚ್ಚಿದ ಬಾಟಲಿ ಕೊಟ್ಟು, ಬೆಳಿಗ್ಗೆ ಕರೆದ ಹಾಲನ್ನು ಮನೆಯಲ್ಲೇ ತುಂಬಿಸಿ, ಸೊಸೈಟಿಯ ಕಾರ್ಯದರ್ಶಿ ಐಸಿನ ಡಬ್ಬಿಯಲ್ಲಿಟ್ಟು ತರುವುದು ಎಂದಾಯಿತು. ಯಾವ ನಂಬರು ಯಾರ ಮನೆಯದು ಎಂದು ನಮಗೆ ಹೇಳುವಂತಿಲ್ಲ. ಅದು ಒಳ್ಳೆಯ ನಿಯಮ. ಅಕ್ಕನ ಊರು ಎಂದು ನಾನು ಸಾಹೇಬರಿಗೆ ಮೊದಲೇ ತಿಳಿಸಿದ್ದೆ. "ನಂಬರ್ ಅಷ್ಟೇ ಅಲ್ರೀ ಮೇಡಂ ನಮಗೆ ಕಾಣೋದು, ಮಾಡ್ರಿ" ಎಂದಿದ್ದರು.

ನಮ್ಮ ಸಾಹೇಬರು ಹರಪನಹಳ್ಳಿಯವರು. ನಿಧಾನದ ಮನುಷ್ಯ. ನಾನು ಕಿರುಚಿದಷ್ಟೂ ಅವರ ದನಿ ತಗ್ಗುತ್ತದೆ. ಆ ದಿನ ಇಬ್ಬರೂ ಕೂತು ಒಂದೊಂದೇ ಬಾಟಲಿ ನೋಡುತ್ತಾ ಹೋದೆವು. ಕಾರ್ಯದರ್ಶಿ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದ. ಹಿಟ್ಟಿಲ್ಲ, ಸಕ್ಕರೆಯಿಲ್ಲ, ಸೋಡಾ ಇಲ್ಲ. ಉಪ್ಪಿನ ಪರೀಕ್ಷೆಗೆ ಗಾಜಿನ ನಳಿಗೆಯಲ್ಲಿ ಔಷಧ ಹಾಕಿ ಹಾಲು ಬೆರೆಸಿದರೆ ಇಟ್ಟಿಗೆ ಕೆಂಪು ಬರಬೇಕು. ಹಾಲಿಗೆ ಉಪ್ಪು ಬಿದ್ದಿದ್ದರೆ ಹಳದಿಯಾಗುತ್ತದೆ. ಎಲ್ಲವೂ ಕೆಂಪು, ಕೆಂಪು, ಕೆಂಪು. ಒಂದು ಮಾತ್ರ ಹಳದಿ.

ಮತ್ತೆ ಮಾಡಿದೆ. ಮತ್ತೂ ಹಳದಿ. ಹಾಲಿನ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರ್ ಅದರಲ್ಲಿ ಇಳಿಬಿಟ್ಟರೆ, ನಿಲ್ಲಬೇಕಾದ ಗೆರೆಯಲ್ಲಿ ನಿಲ್ಲದೆ ಮೇಲಕ್ಕೆ ತೇಲಿ ನಿಂತಿತು.

ಹಾಲಿಗೆ ಉಪ್ಪನ್ನು ಯಾರೂ ರುಚಿಗೆ ಹಾಕುವುದಿಲ್ಲ. ನೀರು ಬೆರೆಸಿದ ಹಾಲು ತೆಳ್ಳಗಾಗಿ ಲ್ಯಾಕ್ಟೋಮೀಟರಿನಲ್ಲಿ ಸಿಕ್ಕಿಬೀಳುತ್ತದೆ. ಅದನ್ನು ಮುಚ್ಚಿಹಾಕಲು ಉಪ್ಪೋ ಸಕ್ಕರೆಯೋ ಸೇರಿಸುತ್ತಾರೆ. ಇದು ನನಗೆ ಗೊತ್ತಿದ್ದ ಹಳೆಯ ಆಟ. ಮೈಯೆಲ್ಲ ಉರಿದುಹೋಯಿತು.

"ಯಾವಾಕಿ ಈ ಮಹಾತಾಯಿ?" ಎಂದು ಎದ್ದು ನಿಂತೆ. "ಊರಾಗ ಹುಡುಗರು ಬಿದ್ದು ಒದ್ದಾಡಾಕತ್ತಾವ, ಇಕಿ ಹಾಲಿಗೆ ಉಪ್ಪು ಹಾಕ್ಯಾಳ! ಇಂಥಾರ ಕ್ಯಾನು ಬೀದಿಗೆ ಒಗೀಬೇಕು ನೋಡ್ರಿ. ನಾಚಿಕಿ ಮಾನ ಮರ್ಯಾದಿ ಏನರ ಐತೋ ಇಲ್ಲೋ!"

ಇನ್ನೂ ಏನೇನೋ ಅಂದೆ. ಇಲ್ಲಿ ಬರೆಯಲು ಬಾರದ್ದನ್ನೂ ಅಂದೆ. ಕಾರ್ಯದರ್ಶಿ ಸ್ಟೂಲಿನ ಮೇಲೆ ಅತ್ತ ಇತ್ತ ಹೊರಳಾಡತೊಡಗಿದ. ಕೊನೆಗೆ ತಡೆಯಲಾರದೆ, "ಮೇಡಮ್ಮೋರ, ಸಾಕು ಬಿಡ್ರಿ" ಎಂದ.

"ಯಾಕ ಸಾಕು?"

"ಹೇಳಬಾರದ್ರಿ. ಆದ್ರ ನೀವು ಬಾಯಿಗೆ ಬಂದಂಗ ಅನ್ನಾಕತ್ತೀರಿ... ಅದು ನಿಮ್ಮಕ್ಕನ ಮನಿ ಬಾಟ್ಲಿ ರೀ."

ಕೈಯಲ್ಲಿದ್ದ ನಳಿಗೆಯನ್ನು ಸ್ಟ್ಯಾಂಡಿಗೆ ಇಟ್ಟೆ. ಕೂತುಬಿಟ್ಟೆ. ಸಾಹೇಬರು ಫ್ಯಾನು ಜೋರು ಮಾಡಿದರು. ಕಾರ್ಯದರ್ಶಿ ತಲೆ ಕೆರೆದುಕೊಳ್ಳುತ್ತಾ ಮುಂದಿನದನ್ನೂ ಹೇಳಿದ. ಕಲಬೆರಕೆ ಸಿಕ್ಕಿದವರ ಹಾಲು ಬಂದ್ ಮಾಡುವುದೆಂದು ಕಮಿಟಿಯಲ್ಲಿ ಮೊದಲೇ ಮಾತಾಗಿತ್ತು. "ಈ ಸುದ್ದಿ ಸಿಕ್ರ ಅವರು ಬರೀ ನಿಮ್ಮಕ್ಕನ್ನ ಬಿಡಂಗಿಲ್ರಿ. ನಾವು ಮೊದಲ ಹೇಳಿರಲಿಲ್ಲೇನು, ಅಂತ ಇಡೀ ಓಣಿ ಹಾಲು ನಿಂದರಸ್ತಾರ."

ಅಕ್ಕನ ಕ್ಯಾನು ನಿಂತರೆ ಏನೇನು ನಿಲ್ಲುತ್ತದೆ ಎಂದು ಅವನು ನನಗೆ ಹೇಳಬೇಕಾಗಿರಲಿಲ್ಲ.

"ಸರ್, ಇದನ್ನ ನಾನು ಮಾಡಂಗಿಲ್ರಿ ಇನ್ನ. ನೀವ ಮಾಡ್ರಿ" ಎಂದೆ.

ಸಾಹೇಬರು ಉಳಿದ ಹಾಲನ್ನು ತೆಗೆದುಕೊಂಡು ಕೊಬ್ಬಿನ ಅಂಶ ನೋಡಿದರು. ನೋಡಿ ಕನ್ನಡಕ ತೆಗೆದು ಒರೆಸಿದರು. "ಅಲ್ರೀ ಮೇಡಂ, ಕೊಬ್ಬು ತುಂಬ ಚೆನ್ನಾಗೈತಲ್ರೀ. ನೀರು ಬೆರೆಸಿದ್ರೆ ಇಳೀಬೇಕಾಗಿತ್ತು. ನೀರೇ ಹಾಕ್ದಲೇ ಉಪ್ಪು ಯಾಕೆ ಹಾಕ್ತಾರೆ?"

ಅದು ನನಗೆ ಹೊಳೆದಿರಲಿಲ್ಲ. ಸಿಟ್ಟಿನಲ್ಲಿ ಯಾವುದು ಹೊಳೆಯುತ್ತದೆ ಹೇಳಿ! ಆದರೆ ಸಮಾಧಾನ ಆಗುವಷ್ಟರಲ್ಲಿ ಅವರೇ ಇನ್ನೊಂದು ಮಾತು ಹೇಳಿದರು. ಎಮ್ಮೆಗೆ ಕೆಚ್ಚಲು ಬಾವು ಆಗಿದ್ದರೂ ಹಾಲಿನಲ್ಲಿ ಉಪ್ಪಿನ ಅಂಶ ಏರುತ್ತದೆ. ಹಾಗಿದ್ದರೆ ಅಕ್ಕ ಮೋಸಗಾತಿಯಲ್ಲ, ಆದರೆ ರೋಗದ ಎಮ್ಮೆಯ ಹಾಲನ್ನು ಊರಿಗೆ ಕುಡಿಸಿದಂತಾಯಿತು. ಬರೀ ಕೆಚ್ಚಲು ಬಾವಿನಿಂದ ಇಷ್ಟು ಗಾಢ ಹಳದಿ ಬರುತ್ತದೆಯೇ ಎಂಬ ಅನುಮಾನ ಅವರಿಗೂ ಇತ್ತು. "ನಾಳೆ ಬೆಳಿಗ್ಗೆ ಹೋಗಿ ಎದುರಿಗೇ ಹಾಲು ಕರೆಸಿ ನೋಡೋಣ. ಅಲ್ಲಿತನಕ ನಾನು ಏನೂ ಬರಿಯಲ್ಲ. ನೀವೂ ಫೋನ್ ಮಾಡಬ್ಯಾಡ್ರಿ" ಎಂದರು. ಕಾರ್ಯದರ್ಶಿಗೂ ಬಾಯಿ ಬಿಡಬೇಡ ಎಂದು ತಾಕೀತು ಮಾಡಿದರು.

ನಾನು ಫೋನ್ ಮಾಡಲಿಲ್ಲ. ಸಂಜೆ ಅಕ್ಕನೇ ಮಾಡಿದಳು. ಮೊಬೈಲಿನ ಮೇಲೆ ಅವಳ ನಗುವ ಫೋಟೊ ಬಂತು, ಹೋಯಿತು. ಇನ್ನೊಮ್ಮೆ ಬಂತು. ನಾನು ಎತ್ತಲಿಲ್ಲ. ಎತ್ತಿದ್ದರೆ ಕೇಳಿಯೇ ಬಿಡುತ್ತಿದ್ದೆ, ಕೇಳಿದರೆ ಮರುದಿನದ ಪರೀಕ್ಷೆಗೆ ಬೆಲೆಯೇ ಉಳಿಯುತ್ತಿರಲಿಲ್ಲ. ಅಕ್ಕ ಹಾಲಿಗೆ ನೀರು ಹಾಕುವವಳಲ್ಲ ಎಂದು ಮನಸ್ಸು ಹೇಳುತ್ತಿತ್ತು. ಅದೇ ಮನಸ್ಸು, ಯಾರಿಗೆ ಗೊತ್ತು ಎಂದೂ ಹೇಳುತ್ತಿತ್ತು. ಈ ಎರಡನೆಯ ಮಾತಿಗೆ ಬಹಳ ಸಂಕಟಪಟ್ಟೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಜೀಪಿನಲ್ಲಿ ಅಲ್ಲಿಗೆ ಹೋದೆವು. ಕಾರ್ಯದರ್ಶಿ ಅಕ್ಕನ ಮನೆಯ ಮುಂದೆಯೇ ಕಾಯುತ್ತಿದ್ದ. ಅಕ್ಕ ನಮ್ಮನ್ನು ನೋಡಿ ಮುಖವೆಲ್ಲ ನಗು ಮಾಡಿಕೊಂಡಳು. "ಏನಬೇ, ನಿನ್ನಿ ಫೋನು ಎತ್ತಲಿಲ್ಲ, ಇವತ್ತು ಸಾಹೇಬ್ರನ್ನ ಕರ್ಕೊಂಡ ಬಂದೀಯಲ್ಲ! ಬರ್ರಿ ಸರ್, ಕುಂದರ್ರಿ."

"ಇನ್ನೊಂದ್ಸಲ ಹಾಲು ನೋಡ್ಬೇಕಮ್ಮ. ನಮ್ಮೆದುರಿಗೇ ಕರೀರಿ" ಎಂದರು ಸಾಹೇಬರು.

"ಅದಕ್ಕೇನ್ರಿ, ಕರದೇ ಬಿಡ್ತೀನಿ" ಎಂದು ಅಕ್ಕ ಕೈ ತೊಳೆದು, ಎಮ್ಮೆಯ ಕೆಚ್ಚಲಿಗೆ ನೀರು ಹಾಕಿ ಒರೆಸಿ, ಚರ್ ಚರ್ ಎಂದು ಕರೆಯಲು ಕೂತಳು. ನಾನು ಕೆಚ್ಚಲನ್ನೇ ನೋಡುತ್ತಿದ್ದೆ. ಬಾವಿಲ್ಲ, ಕೆಂಪಿಲ್ಲ. ಎಮ್ಮೆ ಆರಾಮಾಗಿ ಮೆಲುಕು ಹಾಕುತ್ತಿತ್ತು. ಎರಡನೆಯದೂ ಹಾಗೆಯೇ. ಸಾಹೇಬರು ಎರಡರ ಹಾಲನ್ನೂ ನಳಿಗೆಗೆ ಹಾಕಿ ಕಟ್ಟೆಯ ಮೇಲೆಯೇ ಪರೀಕ್ಷೆ ಮಾಡಿದರು. ಕೆಂಪು. ಒಳ್ಳೆಯ ಇಟ್ಟಿಗೆ ಕೆಂಪು.

ನನಗೆ ಕುಣಿಯಬೇಕೆನಿಸಿತು. ಅಷ್ಟರಲ್ಲಿ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, "ಸರಿ ರೀ ಸರ್, ಆದ್ರ ಕಮಿಟಿಯೋರು ಕೇಳ್ತಾರ. ನಿನ್ನಿ ಉಪ್ಪು ಹೆಂಗ ಬಂತು ಅಂತ. ಇವತ್ತು ಸಾಹೇಬ್ರು ಬಂದಾರಂತ ಹಾಕಿಲ್ಲ ಅಂತಾರ" ಎಂದ. ಅವನ ಮಾತೂ ಸುಳ್ಳಲ್ಲ. ಅವರು ಹಾಗೆಯೇ ಅನ್ನುತ್ತಿದ್ದರು.

ಅಕ್ಕನ ಕೈಯಲ್ಲಿದ್ದ ಹಾಲಿನ ಚೆರಿಗೆ ಕೆಳಗಿಳಿಯಿತು. "ಉಪ್ಪಾ? ಯಾರ ಹಾಲಿನಾಗ? ನನ್ನ ಹಾಲಿನಾಗ?" ಎಂದು ಕಾರ್ಯದರ್ಶಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ನಿನಗ ನಿನ್ನೀನ ಗೊತ್ತಿತ್ತೇನು? ಅದಕ್ಕ ಫೋನು ಎತ್ತಲಿಲ್ಲೇನು? ನಾ ಹಾಕೀನಿ ಅಂದ್ಕೊಂಡೀಯೇನಲೇ?"

ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತು. ಸಾಹೇಬರು ಪಾಪ, ಎತ್ತ ನೋಡಬೇಕೆಂದು ತಿಳಿಯದೆ ಲ್ಯಾಬಿಗೆ ಒಯ್ಯಬೇಕಾದ ಬಾಟಲಿಗೆ ಹಾಲು ತುಂಬಿ, ಮುಚ್ಚಳ ಹುಡುಕುತ್ತಾ ನಿಂತರು.

"ತಡೀರಿ, ತಡೀರಿ! ಹಂಗ ಒಯ್ಯಬ್ಯಾಡ್ರಿ!"

ಒಳಗಿನಿಂದ ಅಕ್ಕನ ಅತ್ತೆ ಓಡೋಡಿ ಬಂದಳು. ಸೊಂಟ ಬಾಗಿದ ಮುದುಕಿ, ಮುಷ್ಟಿ ಬಿಗಿ ಹಿಡಿದಿದ್ದಳು. ನಾವು ಏನು ಎತ್ತ ಎನ್ನುವುದರೊಳಗೆ ಸಾಹೇಬರ ಕೈಯಲ್ಲಿದ್ದ ಬಾಟಲಿಯ ಬಾಯಿಗೆ ಮುಷ್ಟಿ ಹಚ್ಚಿ ತೆರೆದಳು. ಪುಳುಕ್, ಪುಳುಕ್. ಉಪ್ಪಿನ ದಪ್ಪ ಹರಳುಗಳು ಹಾಲಿನೊಳಗೆ ಇಳಿದವು.

"ಹೂಂ, ಈಗ ಒಯ್ಯಿರಿ" ಎಂದು ಕೈ ಝಾಡಿಸಿದಳು.

ಕಾರ್ಯದರ್ಶಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಮೊದಲು ದನಿ ಬಂದದ್ದು ಅಕ್ಕನಿಗೆ. "ಅತ್ತಿ! ಏನು ಹಾಕಿದಿ ಅದರಾಗ?"

"ಉಪ್ಪಿನ ಹಳ್ಳು. ಹಾಲು ಊರು ದಾಟ್ತೈತಿ. ಹೊಳಿ ದಂಡಿ, ಹಾದಿ ಬೀದಿ, ಯಾರ್ಯಾರ ನೆದರು ಬೀಳ್ತೈತೋ ಏನೋ. ಹಂಗ ಕಳಸಿದ್ರ ಎಮ್ಮಿ ಬತ್ತಿ ಹೋಗ್ತಾವ."

"ನಿನ್ನೀನೂ ಹಾಕಿದ್ಯಾ?"

"ನಾ ಹಾಕದ ಯಾರು ಹಾಕ್ತಾರ? ನಿನಗ ಎಲ್ಲಿ ನೆನಪಿರ್ತೈತಿ! ಆ ಹುಡುಗನ ಕೈಯಾಗ ಕೊಡೋಕಿಂತ ಮೊದಲ ಹಾಕಿದ್ದೆ" ಎಂದು ಮುದುಕಿ ಕಾರ್ಯದರ್ಶಿಯ ಕಡೆ ಬೆರಳು ಮಾಡಿದಳು.

ಹಾಲು ದಿನಾ ಸೊಸೈಟಿಗೆ ಹೋಗುವಾಗ ಯಾಕೆ ಹಾಕುವುದಿಲ್ಲ ಎಂದು ಸಾಹೇಬರು ಕೇಳಿದರು. ಮುದುಕಿಗೆ ಅವರ ದಡ್ಡತನ ಕಂಡು ಕನಿಕರ ಬಂದಂತಿತ್ತು. "ಸೊಸೈಟಿ ಊರೊಳಗ ಐತಲ್ಲೋ ಯಪ್ಪಾ. ಅಲ್ಲಿ ಎಲ್ಲಾರ ಹಾಲೂ ಕೂಡಿ ಹೋಗ್ತೈತಿ, ಯಾರದು ಯಾವುದು ಅಂತ ಯಾರು ನೋಡ್ತಾರ? ಇದು ನಮ್ಮ ಮನಿ ಹಾಲು ಅಂತ ಬ್ಯಾರೆ ಹೊಂಟಿತ್ತಲ್ಲ."

ನನಗೆ ಮೊದಲು ನಗು ಬಂತು. ಹೊಟ್ಟೆ ಹಿಡಿದುಕೊಂಡು, ಕಟ್ಟೆಯ ಮೇಲೆ ಕೂತು ನಕ್ಕೆ. ಅಕ್ಕ ಅತ್ತೆಗೆ ಒಂದಿಷ್ಟು ಬೈದು, ಬೈಯುತ್ತಲೇ ನಗತೊಡಗಿದಳು. ಭಾವ ಆ ಮನೆಯ ಗೋಡೆಗೆ ಬುದ್ಧನ ಪಟ ಹಾಕಿ ಎಷ್ಟೋ ವರ್ಷವಾಗಿದೆ. ನೆದರು ಗಿದರು ಎಲ್ಲ ಬಿಡಬೇಕೆಂದು ತಾಯಿಗೆ ಹೇಳಿ ಹೇಳಿ ಸೋತಿದ್ದಾನೆ. ಮುದುಕಿ ಪಟಕ್ಕೂ ಕೈ ಮುಗಿಯುತ್ತಾಳೆ, ಉಪ್ಪಿನ ಡಬ್ಬಿಯನ್ನೂ ಬಿಟ್ಟಿಲ್ಲ.

ಸಾಹೇಬರು ಆ ಬಾಟಲಿಯ ಹಾಲನ್ನೂ ಎಲ್ಲರೆದುರಿಗೆ ಪರೀಕ್ಷೆ ಮಾಡಿದರು. ನಿನ್ನೆಯದೇ ಹಳದಿ.

"ನೋಡ್ರಿ, ಅರಿಶಿಣ ಬಣ್ಣ ಬಂತು! ಚೊಲೋನ ಆತಲ್ಲ" ಎಂದಳು ಮುದುಕಿ.

"ಅದು ಚೊಲೋ ಅಲ್ಲಬೇ ಯಮ್ಮಾ!" ಎಂದು ನಾವೆಲ್ಲ ಒಟ್ಟಿಗೇ ಕೂಗಿದೆವು. ಅವಳ ಹಾಲಿಗೆ, ಸೊಸೆಯ ಹೆಸರಿಗೆ, ಓಣಿಯ ಕ್ಯಾನುಗಳಿಗೆ ಏನಾಗಲಿತ್ತು ಎಂದು ಕಾರ್ಯದರ್ಶಿಯೇ ಬಿಡಿಸಿ ಹೇಳಿದ. ಕೇಳುತ್ತಾ ಕೇಳುತ್ತಾ ಮುದುಕಿಯ ಮುಖ ಸಣ್ಣದಾಯಿತು. ಸೆರಗಿನ ತುದಿ ಹಿಂಡುತ್ತಾ ನನ್ನ ಕಡೆ ತಿರುಗಿದಳು.

"ನಾ ಲಗ್ನ ಆಗಿ ಬಂದಾಗಿಂದ ಈ ಮನಿ ಹಾಲು ಯಾರೂ ಮುಟ್ಟಿದ್ದಿಲ್ಲವ್ವ. ಮಜ್ಜಿಗಿ ಸುದ್ದ ಕೇಳಾಕ ಬಂದಿದ್ದಿಲ್ಲ. ಮೊನ್ನಿ ಇವ ಬಂದು, ಸರ್ಕಾರದೋರು ನಿಮ್ಮ ಮನಿ ಹಾಲು ಕೇಳ್ಯಾರ, ಬಾಟ್ಲಿ ಕೊಟ್ಟಾರ ಅಂದ. ಮೊದಲ ಸಲ ನಮ್ಮ ಹಾಲು ಊರು ದಾಟಿ ಹೊಂಟಿತ್ತು. ಕಣ್ಣು ಬಿದ್ದೀತು ಅಂತ ಹೆದರಿಕಿ ಆತವ್ವ ನನಗ."

ನಗು ಅಲ್ಲಿಗೆ ನಿಂತಿತು. ನಾನು ಅವಳ ಕೈ ಹಿಡಿದುಕೊಂಡೆ. ಉಪ್ಪಿನ ಕೈ ಇನ್ನೂ ಒದ್ದೆಯಿತ್ತು. ಸಾಹೇಬರು ಕನ್ನಡಕ ತೆಗೆದು ಮತ್ತೆ ಒರೆಸಿಕೊಂಡರು.

ಇನ್ನೊಂದು ಬಾಟಲಿಗೆ ಹೊಸದಾಗಿ ಹಾಲು ತುಂಬಿದೆವು. ಅದು ಬರಿದೇ ಹೋಗುವುದು ಮುದುಕಿಗೆ ಆಗಲೂ ಒಪ್ಪಿಗೆಯಿರಲಿಲ್ಲ. ಹೆದರಿದ್ದಳು, ಆದರೂ ಬಾಗಿಲಿಗೆ ಅಡ್ಡ ನಿಂತಿದ್ದಳು. ನಾನೇ ಹಳೆಯ ಕುಪ್ಪಸದ ಚೂರೊಂದು ಕೇಳಿ ಇಸಿದುಕೊಂಡು, ಉಪ್ಪಿನ ಹರಳು ಗಂಟು ಕಟ್ಟಿ, ಮುಚ್ಚಿ ಸೀಲು ಮಾಡಿದ ಬಾಟಲಿಯ ಕೊರಳಿಗೆ ಹೊರಗಿನಿಂದ ಬಿಗಿದೆ. "ನೆದರು ಹೊರಗಿಂದ ಅಲ್ಲೇನು ಬರೋದು? ಉಪ್ಪೂ ಹೊರಗ ಇರಲಿ" ಎಂದೆ. ಮುದುಕಿ ಗಂಟನ್ನು ಎಳೆದು ನೋಡಿ, ಆದೀತು ಎಂದು ತಲೆಯಾಡಿಸಿದಳು.

ವಾಪಸು ಬಂದಾಗ ಲ್ಯಾಬಿನಲ್ಲಿ ನೀರಿನ ಬಾಟಲಿಗಳು ಉತ್ತರ ಹೇಳಿ ಕೂತಿದ್ದವು. ಹೊಲಸಿನ ಕ್ರಿಮಿ ಇದ್ದರೆ ನಮ್ಮ ಔಷಧಕ್ಕೆ ನೀರು ಕಪ್ಪಾಗುತ್ತದೆ; ಒಂದು ಓಣಿಯ ನಲ್ಲಿ ನೀರು ಇದ್ದಿಲಿನಂತೆ ಕರ್ರಗಾಗಿತ್ತು. ಚರಂಡಿಯೊಳಗೆ ಹಾದುಹೋದ ಪೈಪು ಅಲ್ಲಿ ಒಡೆದಿದ್ದದ್ದು ಪತ್ತೆಯಾಯಿತು, ಬದಲಾಯಿಸಿದರು. ಮಕ್ಕಳು ಗುಣವಾದರು. ಹಾಲಿನ ತಪ್ಪಿಲ್ಲ, ಯಾರ ಮನೆಯ ಹಾಲಿನ ತಪ್ಪೂ ಇಲ್ಲ ಎಂದು ಸಾಹೇಬರೇ ಸೊಸೈಟಿಗೆ ಹೋಗಿ ಕಮಿಟಿಯವರೆದುರು ಹೇಳಿ ಬಂದರು. ಕಾರ್ಯದರ್ಶಿ ಉಪ್ಪಿನ ಕಥೆಯನ್ನು ತನ್ನ ಕಣ್ಣಾರೆ ಕಂಡವನಂತೆ, ಕಂಡೇ ಇದ್ದನಲ್ಲ, ಅಭಿನಯ ಮಾಡಿ ತೋರಿಸಿದನಂತೆ. ನೆಪಕ್ಕೆ ಕಾಯುತ್ತಿದ್ದವರೂ ನಗಬೇಕಾಯಿತು. ಅಕ್ಕನ ಹಾಲು ಒಂದು ಹೊತ್ತೂ ನಿಲ್ಲಲಿಲ್ಲ. ಅಬ್ಬಾ ಎಂದು ಉಸಿರು ಬಿಟ್ಟೆ ನೋಡಿ ಆಗ, ಎದೆಯ ಮೇಲಿನ ಗುಂಡು ಇಳಿದಂತಾಯಿತು.

ಮುಂದಿನ ಭಾನುವಾರ ಅಕ್ಕನ ಮನೆಗೆ ಹೋದೆ. ಫೋನು ಎತ್ತದ್ದಕ್ಕೆ ಅವಳು ಬೈದಳು, ನಾನು ಬೈಸಿಕೊಂಡೆ. ಹೊರಡುವಾಗ, "ನಿನಗ ಹಾಲು ಕೊಟ್ಟು ಏನು ಮಾಡೋದು, ಕುಡಿಯಂಗಿಲ್ಲ ಬಿಡಂಗಿಲ್ಲ" ಎಂದು ಗೊಣಗಿದಳು.

"ಕೊಡಬೇ" ಎಂದೆ.

ಅವಳು ನನ್ನ ಮುಖವನ್ನೇ ನೋಡುತ್ತಾ ಹಿಡಿಕೆಯ ಉಗ್ಗಕ್ಕೆ ಹಾಲು ತುಂಬಿ ಕೊಟ್ಟಳು. ನಾನು ಮುಚ್ಚಳ ಹಾಕದೆ ಒಲೆಯ ಮುಂದೆ ಕೂತಿದ್ದ ಮುದುಕಿಯ ಬಳಿ ಹೋದೆ. "ಯಮ್ಮಾ, ಊರು ದಾಟ್ತೈತಿ. ಹಾಕು" ಎಂದೆ.

"ಲ್ಯಾಬಿಗೆ ಅಲ್ಲಲ್ಲ?" ಎಂದು ಮುದುಕಿ ಅನುಮಾನದಿಂದ ಕೇಳಿದಳು.

"ಅಲ್ಲ. ಮನಿಗೆ."

ಅವಳು ಡಬ್ಬಿಗೆ ಕೈ ಹಾಕಿ ಎರಡು ಹರಳು ಬಿಟ್ಟಳು. ಪುಳುಕ್, ಪುಳುಕ್. ಮನೆಗೆ ಬಂದು ಆ ಹಾಲಿನಲ್ಲೇ ಚಹಾ ಮಾಡಿದೆ. ಸ್ವಲ್ಪ ಉಪ್ಪುಪ್ಪಾಗಿತ್ತು. ಎರಡು ಕಪ್ಪು ಕುಡಿದೆ.